ತೊಡೆಯ ಆಳದ ಅಪಧಮನಿಯ ಶಸ್ತ್ರಚಿಕಿತ್ಸೆ: ದೊಡ್ಡಪ್ಪನ ಕಾಲು ಉಳಿಸಿದ ವಿಭಾಗದ ಬಗ್ಗೆ

ಕಾಲಿಗೆ ರಕ್ತ ಸಾಲದೆ ನರಳುತ್ತಿರುವ ಹಿರಿಯರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಹುಡುಕುತ್ತಿರುವವರಿಗೆ ನೆರವಾಗಲಿ ಎಂದು, ಬೆಂಗಳೂರಿನ ಆಸ್ಪತ್ರೆಯೊಂದರ ರಕ್ತನಾಳ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ನಮ್ಮ ದೊಡ್ಡಪ್ಪನಿಗೆ ದೊರೆತ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಕಂಡ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರನ್ನು ಬಿಟ್ಟಿದ್ದೇನೆ. ಅವರು ಯಾವ ಪರೀಕ್ಷೆ ಮಾಡಿದರು, ಏಕೆ ಮಾಡಿದರು ಎಂಬುದು ತಿಳಿದರೆ ಯಾವ ಊರಿನ ಯಾವ ವಿಭಾಗವನ್ನಾದರೂ ಓದುಗರೇ ತೂಗಿ ನೋಡಬಹುದು. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ವೈದ್ಯಳಲ್ಲ. ಆದರೂ ಈ ಆರು ತಿಂಗಳಲ್ಲಿ ತೊಡೆಯೊಳಗಿನ ಒಂದೇ ಒಂದು ರಕ್ತನಾಳದ ಬಗ್ಗೆ ತಿಳಿದುಕೊಂಡಷ್ಟನ್ನು ಇಪ್ಪತ್ತು ವರ್ಷಗಳ ಪಾಠದಲ್ಲಿ ತಿಳಿದಿರಲಿಲ್ಲ.

ದೊಡ್ಡಪ್ಪನಿಗೆ ಈಗ 67 ವರ್ಷ. ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲಿ ಇಡೀ ಆಯುಸ್ಸು ಕಳೆದವರು. ಯೌವನದಿಂದಲೂ ಬೀಡಿ ಸೇದುತ್ತಿದ್ದರು, ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಆರು ವರ್ಷಗಳ ಹಿಂದೆ ಹೃದಯದ ಬೈಪಾಸ್ ಆಗಿದೆ. ಕಳೆದ ವರ್ಷ ಎಡಗಾಲಿನ ಮೀನಖಂಡದಲ್ಲಿ ನಡೆದಾಗ ಮಾತ್ರ ನೋವು ಕಾಣಿಸಿಕೊಂಡಿತು. ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ವಯಸ್ಸಿನ ನೋವೆಂದು ಎಣ್ಣೆ ಹಚ್ಚಿಕೊಂಡರು. ಕೆಲವು ತಿಂಗಳಲ್ಲಿ ಮನೆಯಿಂದ ಬೀದಿಯ ತುದಿಯವರೆಗೂ ನಡೆಯಲಾಗದಂತಾಯಿತು. ಕೊನೆಗೆ ರಾತ್ರಿ ಮಲಗಿದರೆ ಪಾದ ಉರಿಯುತ್ತದೆಂದು ಕಾಲನ್ನು ಮಂಚದಿಂದ ಇಳಿಬಿಟ್ಟು ಕುಳಿತೇ ಬೆಳಗು ಮಾಡುವ ಸ್ಥಿತಿ ಬಂತು, ಕಿರುಬೆರಳಿನ ಪಕ್ಕದಲ್ಲಿ ಒಣಗದ ಸಣ್ಣ ಹುಣ್ಣೊಂದು ಎದ್ದಿತು. ನಡೆದಾಗ ಬರುವ ನೋವು ಮಲಗಿದಾಗಲೂ ಬರತೊಡಗಿದರೆ ಕಾಲಿಗೇ ಅಪಾಯ ಬಂದಿದೆ ಎಂದು ತಿಳಿಯಬೇಕು. ನಾವು ಅದನ್ನು ತಿಳಿಯಲು ತಡಮಾಡಿದೆವು. ಆ ತಪ್ಪು ನಮ್ಮದೇ.

ಮೊದಲು ಹೋದದ್ದು ನಮಗೆ ಹತ್ತಿರವಿದ್ದ ಬೇರೊಂದು ಆಸ್ಪತ್ರೆಗೆ. ಅಲ್ಲಿ ರಕ್ತನಾಳಗಳ ಚಿತ್ರ ತೆಗೆಯುವ ಸಿ.ಟಿ. ಆಂಜಿಯೋಗ್ರಾಂ ಮಾಡಿ, ತೊಡೆಯ ಮುಖ್ಯ ರಕ್ತನಾಳ ಉದ್ದಕ್ಕೂ ಮುಚ್ಚಿಹೋಗಿದೆ, ಇಷ್ಟು ಉದ್ದದ ಅಡ್ಡಿಗೆ ಸ್ಟೆಂಟ್ ಹಾಕಿದರೂ ಬಾಳುವುದಿಲ್ಲ, ಬೈಪಾಸ್ ಮಾಡಲು ಬೇಕಾದ ಎಡಗಾಲಿನ ಅಭಿಧಮನಿಯನ್ನು ಹೃದಯದ ಶಸ್ತ್ರಚಿಕಿತ್ಸೆಗೇ ತೆಗೆದುಕೊಂಡಿದ್ದಾರೆ, ಹುಣ್ಣು ಹೆಚ್ಚಿದರೆ ಮಂಡಿಯ ಕೆಳಗೆ ಕಾಲು ತೆಗೆಯಬೇಕಾಗಬಹುದು ಎಂದರು. ಹೇಳಿದ ಒಂದೊಂದು ಮಾತೂ ತಪ್ಪಲ್ಲ. ಆದರೆ ಆ ವರದಿಯಲ್ಲಿ ತೊಡೆಯ ಎರಡನೆಯ ಅಪಧಮನಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ದೂರು ಇಷ್ಟೇ, ಆದರೆ ಇದು ಸಣ್ಣ ದೂರಲ್ಲ.

ಆ ಎರಡನೆಯ ಅಪಧಮನಿ ಯಾವುದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಟ್ಟೆಯಿಂದ ಕಾಲಿಗೆ ಇಳಿಯುವ ದೊಡ್ಡ ಅಪಧಮನಿ ತೊಡೆಸಂದನ್ನು ದಾಟಿ ಸುಮಾರು ನಾಲ್ಕು ಸೆಂಟಿಮೀಟರ್ ಕೆಳಗೆ ಬಂದಾಗ ಕವಲೊಡೆಯುತ್ತದೆ. ಒಂದು ಕವಲು ತೊಡೆಯ ಮುಂಭಾಗದಿಂದ ಒಳಬದಿಗೆ ಇಳಿಯುತ್ತ, ಹಂಟರ್ ನಾಳವೆಂದು ಕರೆಯುವ ಸ್ನಾಯುಗಳ ಸಂದಿನೊಳಗೆ ನುಸುಳಿ, ಮಂಡಿಯ ಹಿಂದೆ ಹೊರಬಂದು ಮೀನಖಂಡಕ್ಕೂ ಪಾದಕ್ಕೂ ರಕ್ತ ಒಯ್ಯುತ್ತದೆ. ಇದನ್ನು ಶಸ್ತ್ರವೈದ್ಯರು ಸೂಪರ್‌ಫಿಷಿಯಲ್ ಫೆಮರಲ್ ಎನ್ನುತ್ತಾರೆ. ಇನ್ನೊಂದು ಕವಲು ಹೊರ ಹಿಂಬದಿಯಿಂದ ಹುಟ್ಟಿ, ತೊಡೆಯ ಒಳಸ್ನಾಯುಗಳ ಹಿಂದೆ, ಮೂಳೆಗೆ ಹತ್ತಿರವಾಗಿ ಆಳದಲ್ಲಿ ಸಾಗುತ್ತದೆ. ಅದೇ ಪ್ರೊಫಂಡಾ ಫೆಮೊರಿಸ್, ತೊಡೆಯ ಆಳದ ಅಪಧಮನಿ. ಇದು ಪಾದದವರೆಗೆ ಹೋಗುವುದೇ ಇಲ್ಲ. ತೊಡೆಯ ಸ್ನಾಯುಗಳಿಗೆ ಅನ್ನ ಹಾಕುವುದು ಇದರ ನಿತ್ಯದ ಕೆಲಸ. ಸೊಂಟದ ಕೀಲನ್ನು ಬಳಸುವ ಎರಡು ಶಾಖೆಗಳು ಮೇಲೆ, ಅಡಕ್ಟರ್ ಎಂಬ ಆ ಒಳಸ್ನಾಯುಗಳನ್ನು ತೂರಿಕೊಂಡು ಹಿಂದೊಡೆಗೆ ಹೋಗುವ ಮೂರು ಶಾಖೆಗಳು ಕೆಳಗೆ, ಮೂಲನಾಳದ ತುದಿಯೇ ನಾಲ್ಕನೆಯದು. ಮೇಲಿನ ಎರಡರಲ್ಲಿ ಒಳಬದಿಯದು ತೊಡೆಮೂಳೆಯ ತಲೆಗೆ ಮುಖ್ಯವಾಗಿ ರಕ್ತ ಕೊಡುತ್ತದೆ. ವಯಸ್ಸಾದವರ ತೊಡೆಮೂಳೆಯ ಕತ್ತು ಮುರಿದಾಗ ಮೂಳೆಯ ತಲೆ ಸಾಯುವ ಭಯವಿರುವುದು ಈ ದಾರಿ ಹರಿದುಹೋಗುವುದರಿಂದಲೇ.

ದೊಡ್ಡಪ್ಪನಂಥವರಿಗೆ ಮುಖ್ಯವಾದ ವಿಷಯ ಇನ್ನೊಂದು. ಈ ಶಾಖೆಗಳು ಮೇಲೆ ಪೃಷ್ಠದ ರಕ್ತನಾಳಗಳೊಡನೆ ಬೆಸೆದುಕೊಂಡಿವೆ, ಕೆಳಗೆ ಮಂಡಿಯ ಸುತ್ತಲಿನ ಸಣ್ಣ ನಾಳಗಳ ಬಲೆಯೊಡನೆ ಕೈ ಹಿಡಿದಿವೆ. ಮುಖ್ಯ ಕವಲು ನಿಧಾನವಾಗಿ ಮುಚ್ಚುತ್ತ ಬಂದಾಗ ಈ ಬೆಸುಗೆಗಳು ವರ್ಷಗಳ ಅವಧಿಯಲ್ಲಿ ಹಿಗ್ಗಿ, ರಕ್ತವನ್ನು ತೊಡೆಯ ಆಳದಿಂದ ಮಂಡಿಯ ಹಿಂದಕ್ಕೆ ಇಳಿಸುತ್ತವೆ. ಕೊಬ್ಬು ಮತ್ತು ಸುಣ್ಣ ಕಟ್ಟುವ ರೋಗ ಪ್ರೊಫಂಡಾದಲ್ಲಿ ಸಾಮಾನ್ಯವಾಗಿ ಬಾಯಿಯ ಬಳಿ, ಮೊದಲ ಕೆಲವು ಸೆಂಟಿಮೀಟರುಗಳಲ್ಲಿ ನಿಂತಿರುತ್ತದೆ. ಒಳಗಿನ ನಾಳ ಬಹಳಷ್ಟು ಸಲ ಚೆನ್ನಾಗಿಯೇ ಇರುತ್ತದೆ. ದೀರ್ಘಕಾಲ ಸಕ್ಕರೆ ಕಾಯಿಲೆಯಿರುವವರಲ್ಲಿ ಮಾತ್ರ ಅದು ಒಳಗಿನವರೆಗೂ ಹಬ್ಬಿರುವುದುಂಟು. ಆದ್ದರಿಂದ ಮುಖ್ಯ ನಾಳ ಮುಚ್ಚಿದ ಪ್ರತಿಯೊಬ್ಬ ರೋಗಿಯಲ್ಲಿಯೂ ಪ್ರೊಫಂಡಾದ ಬಾಯಿ ತೆರೆದಿದೆಯೇ ಎಂದು ನೋಡಲೇಬೇಕು. ನಾನು ಯಾವುದೇ ರಕ್ತನಾಳ ವಿಭಾಗವನ್ನು ಇನ್ನು ಮುಂದೆ ಅಳೆಯುವುದು ಇದೊಂದರಿಂದ.

ಬೆಂಗಳೂರಿನ ವಿಭಾಗ ಈ ಅಳತೆಯಲ್ಲಿ ಗೆದ್ದಿತು. ಹೊರರೋಗಿ ವಿಭಾಗದಲ್ಲಿ ಮೂರು ಗಂಟೆ ಕಾಯಿಸಿದರೂ, ಒಳಗೆ ಕರೆದ ಮೇಲೆ ಶಸ್ತ್ರವೈದ್ಯರು ಮೊದಲು ಮಾಡಿದ್ದು ಹಳೆಯ ವರದಿ ಓದುವುದಲ್ಲ. ದೊಡ್ಡಪ್ಪನನ್ನು ಮಲಗಿಸಿ ಎರಡೂ ತೊಡೆಸಂದುಗಳಲ್ಲಿ, ಮಂಡಿಯ ಹಿಂದೆ, ಪಾದದ ಮೇಲೆ ನಾಡಿ ಮುಟ್ಟಿ ನೋಡಿದರು. ಎಡ ತೊಡೆಸಂದಿನ ನಾಡಿ ಬಲದಕ್ಕಿಂತ ಮಂದವಾಗಿದೆ ಎಂಬುದು ಆಗಲೇ ಗೊತ್ತಾಯಿತು. ನಂತರ ಅಲ್ಲಿಯೇ ಒತ್ತಡ ಪಟ್ಟಿ ಕಟ್ಟಿ ಅಳೆದರು: ತೋಳಿನಲ್ಲಿ 150, ಎಡ ಹರಡಿನಲ್ಲಿ 56. ಎರಡರ ಅನುಪಾತ 0.37. ಇದು 0.9ಕ್ಕಿಂತ ಕಡಿಮೆಯಿದ್ದರೆ ರೋಗವಿದೆ ಎಂದರ್ಥ, 0.4ಕ್ಕಿಂತ ಕೆಳಗಿಳಿದರೆ ಕಾಯಿಲೆ ತೀವ್ರ. ಸಕ್ಕರೆ ಕಾಯಿಲೆಯವರ ರಕ್ತನಾಳ ಸುಣ್ಣಗಟ್ಟಿ ಗಟ್ಟಿಯಾಗಿ ಪಟ್ಟಿಗೆ ಒತ್ತಿಕೊಳ್ಳದೆ ಇದ್ದರೆ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಿಸಬಹುದೆಂದು ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ಅಳೆದರು. ಮಂಡಿಯ ಮೇಲೆ ಮತ್ತು ಕೆಳಗೆ ಬೇರೆ ಬೇರೆ ಪಟ್ಟಿ ಕಟ್ಟಿ ನೋಡಿದಾಗ ಮೇಲೆ 84, ಕೆಳಗೆ 66 ಬಂತು. ಮಂಡಿಯನ್ನು ದಾಟುವಾಗ ಒತ್ತಡ ಹೆಚ್ಚು ಇಳಿಯದಿದ್ದರೆ ಅಲ್ಲಿನ ಬಳಸುದಾರಿ ಚೆನ್ನಾಗಿದೆ ಎಂದರ್ಥ. ಇಳಿಕೆಯನ್ನು ಮೇಲಿನ ಅಂಕಿಯಿಂದ ಭಾಗಿಸಿದರೆ ದೊಡ್ಡಪ್ಪನಿಗೆ ಸುಮಾರು 0.21, ಕಾಲು ಭಾಗಕ್ಕಿಂತ ಕಡಿಮೆ. ಪ್ರೊಫಂಡಾವನ್ನು ಸರಿಪಡಿಸಿದರೆ ಫಲ ಸಿಗುತ್ತದೆಂಬ ಭರವಸೆಯನ್ನು ಈ ಅಂಕಿ ಕೊಡುತ್ತದೆಂದೂ, ಅದು ಅರ್ಧವನ್ನು ದಾಟಿದ್ದರೆ ಈ ಶಸ್ತ್ರಚಿಕಿತ್ಸೆಯನ್ನು ತಾನು ಸಲಹೆ ಮಾಡುತ್ತಿರಲಿಲ್ಲವೆಂದೂ ವೈದ್ಯರು ಹೇಳಿದರು.

ಧ್ವನಿತರಂಗಗಳಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ಸ್ಕ್ಯಾನ್ ಮಾಡಿದ ತಂತ್ರಜ್ಞೆಯನ್ನು ವಿಶೇಷವಾಗಿ ಮೆಚ್ಚಬೇಕು. ಮುಖ್ಯ ನಾಳ ಮುಚ್ಚಿದ್ದನ್ನು ಒಂದು ನಿಮಿಷದಲ್ಲಿ ಗುರುತಿಸಿ, ಉಳಿದ ಇಪ್ಪತ್ತು ನಿಮಿಷಗಳನ್ನು ಅವರು ಪ್ರೊಫಂಡಾಕ್ಕೇ ಮೀಸಲಿಟ್ಟರು. ಅದರ ಬಾಯಿಯಲ್ಲಿ ರಕ್ತದ ವೇಗ ಅದಕ್ಕಿಂತ ಮೇಲಿನ ನಾಳದಲ್ಲಿದ್ದುದರ ನಾಲ್ಕು ಪಟ್ಟಿತ್ತು. ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ನೀರು ಚಿಮ್ಮುವಂತೆ, ಕಿರಿದಾದ ಜಾಗದಲ್ಲಿ ರಕ್ತ ವೇಗ ಪಡೆಯುತ್ತದೆ. ಹಳೆಯ ಸಿ.ಟಿ.ಯಲ್ಲಿ ಇದು ಏಕೆ ಕಾಣಲಿಲ್ಲವೆಂದು ಕೇಳಿದಾಗ ಶಸ್ತ್ರವೈದ್ಯರು ಆ ಚಿತ್ರಗಳನ್ನೇ ತೆರೆದು ತೋರಿಸಿದರು. ಕವಲಿನ ಜಾಗದಲ್ಲಿ ಸುಣ್ಣ ದಟ್ಟವಾಗಿ ಕಟ್ಟಿದ್ದು, ಅದರ ಬಿಳಿ ಹೊಳಪು ಒಳಗಿನ ರಕ್ತದ ದಾರಿಯನ್ನು ಮರೆಮಾಡಿತ್ತು. ಜೊತೆಗೆ ಪ್ರೊಫಂಡಾ ಹಿಂಬದಿಯಿಂದ ಹುಟ್ಟುವುದರಿಂದ, ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ಅದರ ಬಾಯಿ ಮುಂದಿನ ನಾಳದ ಮರೆಯಲ್ಲಿ ಅಡಗಿಬಿಡುತ್ತದೆ. ರಕ್ತದಲ್ಲಿನ ಕ್ರಿಯಾಟಿನಿನ್ ಮಟ್ಟ ನೋಡಿ, ಮೂತ್ರಪಿಂಡ ತಾಳಿಕೊಳ್ಳುತ್ತದೆಂದು ಖಚಿತಪಡಿಸಿಕೊಂಡು, ಸ್ವಲ್ಪವೇ ಬಣ್ಣದ ದ್ರವ ಬಿಟ್ಟು, ಯಂತ್ರವನ್ನು ಅದೇ ಕಾಲಿನ ಕಡೆಗೆ ಓರೆಯಾಗಿ ತಿರುಗಿಸಿ ಆಂಜಿಯೋಗ್ರಾಂ ತೆಗೆದಾಗ ಎರಡೂ ಕವಲುಗಳು ಬಿಡಿಸಿದ ಕತ್ತರಿಯಂತೆ ಬೇರೆಯಾಗಿ ಕಂಡವು. ಬಾಯಿಯಲ್ಲಿ ದಾರದಷ್ಟು ದಾರಿ. ಮೂರು ಸೆಂಟಿಮೀಟರ್ ಒಳಗೆ ಹೋದರೆ ನುಣುಪಾದ ಒಳ್ಳೆಯ ನಾಳ.

ದೊಡ್ಡಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಅಂದ್ರೆ ಸ್ವಾಮಿ, ಕಾಲುವೆ ಚೆನ್ನಾಗೈತೆ, ತೂಬಿನ ಬಾಯಲ್ಲಿ ಹೂಳು ತುಂಬೈತೆ,” ಎಂದರು. “ಸರಿಯಾಗಿ ಹೇಳಿದ್ರಿ ಯಜಮಾನ್ರೇ, ನಾವು ಮಾಡೋದು ಹೂಳೆತ್ತೋ ಕೆಲಸ,” ಎಂದು ವೈದ್ಯರು ಒಪ್ಪಿಕೊಂಡರು. ಅಲ್ಲಿಂದ ಮುಂದೆ ದೊಡ್ಡಪ್ಪನಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಈ ಶಸ್ತ್ರಚಿಕಿತ್ಸೆಗೆ ಪ್ರೊಫಂಡಾಪ್ಲಾಸ್ಟಿ ಎಂದು ಹೆಸರು. ಮುಚ್ಚಿದ ಅಪಧಮನಿಯನ್ನು ಸೀಳಿ, ಒಳಗೋಡೆಗೆ ಅಂಟಿದ ಕೊಬ್ಬು-ಸುಣ್ಣದ ಗಡ್ಡೆಯನ್ನು ಸುಲಿದು ತೆಗೆಯುವ ವಿಧಾನವನ್ನು 1940ರ ದಶಕದಲ್ಲಿ ಲಿಸ್ಬನ್ನಿನ ಶಸ್ತ್ರವೈದ್ಯ ಜೊವಾವ್ ಸಿದ್ ದೊಸ್ ಸಾಂತೊಸ್ ಆರಂಭಿಸಿದರು. ಹೊಟ್ಟೆಯ ಮಹಾಪಧಮನಿಗೆ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುವುದನ್ನು 1929ರಲ್ಲಿ ತೋರಿಸಿಕೊಟ್ಟವರು ಅವರ ತಂದೆ ರೆಯ್‌ನಾಲ್ದೊ. ತಂದೆ ಕಾಣುವ ದಾರಿ ಮಾಡಿದರು, ಮಗ ತೆರೆಯುವ ದಾರಿ ಮಾಡಿದರು. ಹೀಗೆ ಸುಲಿಯುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬಳಕೆಗೆ ಬಂದಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವಾಗ ನಡೆದ ಒಂದು ಮಾತುಕತೆಗಾಗಿಯೇ ನಾನು ಈ ವಿಭಾಗವನ್ನು ಬೇರೆಯವರಿಗೆ ಹೇಳುತ್ತೇನೆ. ಸೀಳಿದ ನಾಳವನ್ನು ಹಾಗೆಯೇ ಹೊಲಿದರೆ ಅದು ಮತ್ತೆ ಕಿರಿದಾಗುವುದರಿಂದ, ಸೀಳಿನ ಮೇಲೆ ತೇಪೆಯೊಂದನ್ನು ಇಟ್ಟು ಹೊಲಿಯುತ್ತಾರೆ. ಆ ತೇಪೆಗೆ ಇಂದು ಹೆಚ್ಚಾಗಿ ಬಳಸುವ ವಸ್ತುಗಳಲ್ಲಿ ಒಂದು ಹಸು ಅಥವಾ ಎತ್ತಿನ ಹೃದಯದ ಹೊರಚೀಲವನ್ನು ಸಂಸ್ಕರಿಸಿ ಮಾಡಿದ ಹಾಳೆ. ಶಸ್ತ್ರವೈದ್ಯರು ನಾವು ಕೇಳುವ ಮೊದಲೇ ಇದನ್ನು ಸ್ಪಷ್ಟವಾಗಿ ಹೇಳಿ, ನಿಮ್ಮ ಮನೆಯ ನಂಬಿಕೆಗೆ ಒಗ್ಗುತ್ತದೆಯೇ ಎಂದು ಕೇಳಿದರು. ದೊಡ್ಡಪ್ಪ ಮರುಮಾತಿಲ್ಲದೆ ಬೇಡವೆಂದರು. ವೈದ್ಯರು ಬೇಸರಿಸದೆ ಉಳಿದ ದಾರಿಗಳನ್ನು ವಿವರಿಸಿದರು. ಡೆಕ್ರಾನ್ ಎಂಬ ಕೃತಕ ಬಟ್ಟೆಯ ತೇಪೆ ಹಾಕಬಹುದು, ಆದರೆ ಪಾದದಲ್ಲಿ ಹುಣ್ಣಿರುವ ಸಕ್ಕರೆ ರೋಗಿಯ ತೊಡೆಸಂದಿನಲ್ಲಿ ಅದಕ್ಕೆ ಸೋಂಕು ತಗಲಿದರೆ ಗುಣಪಡಿಸುವುದು ಕಷ್ಟ. ಬಲಗಾಲಿನ ಅಭಿಧಮನಿಯ ತುಂಡು ಬಳಸಬಹುದು, ಆದರೆ ಆ ಕಾಲಿಗೂ ರೋಗವಿದೆ, ಮುಂದೆ ಬೈಪಾಸ್ ಬೇಕಾದರೆ ಅದು ಉಳಿದಿರಬೇಕು. ಮೂರನೆಯದನ್ನು ಕೇಳಿ ನನಗೆ ಆಶ್ಚರ್ಯವಾಯಿತು: ಹೇಗೂ ಮುಚ್ಚಿಹೋಗಿರುವ ತೊಡೆಯ ಮುಂಭಾಗದ ಮುಖ್ಯ ನಾಳದಿಂದಲೇ ಒಂದು ತುಂಡು ಕತ್ತರಿಸಿ, ಒಳಗಿನ ಗಡ್ಡೆ ಸುಲಿದು, ಉಳಿದ ಗೋಡೆಯನ್ನು ಬಿಡಿಸಿ ತೇಪೆ ಮಾಡುವುದು. ಅದು ಅವರದೇ ಮೈಯ ಭಾಗ, ಅದೇ ಗಾಯದೊಳಗೆ ಸಿಗುತ್ತದೆ, ಬೇರೆಲ್ಲೂ ಕೊಯ್ಯಬೇಕಿಲ್ಲ, ಸೋಂಕನ್ನೂ ಕೃತಕ ಬಟ್ಟೆಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ದೊಡ್ಡಪ್ಪ ಅದನ್ನೇ ಆರಿಸಿಕೊಂಡರು. ರೋಗಿಯ ನಂಬಿಕೆಯನ್ನು ಅಡ್ಡಿಯೆಂದು ಎಣಿಸದೆ, ವೈದ್ಯಕೀಯವಾಗಿ ಕೂಡ ಸರಿಯಾದ ದಾರಿಯೊಂದನ್ನು ಹುಡುಕಿಕೊಟ್ಟ ಈ ನಡೆಯನ್ನು ನಾನು ಎಂದಿಗೂ ಮರೆಯಲಾರೆ.

ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ಆಮೇಲೆ ವೈದ್ಯರು ಕಾಗದದ ಮೇಲೆ ಬರೆದು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ತೊಡೆಸಂದಿನಲ್ಲಿ ಉದ್ದಕ್ಕೆ ಸೀಳಿ, ಮೂಲನಾಳವನ್ನೂ ಎರಡು ಕವಲುಗಳನ್ನೂ ಬಿಡಿಸಿಕೊಂಡು, ಪ್ರೊಫಂಡಾದ ಮೇಲೆ ಅಡ್ಡಲಾಗಿ ಹಾಯುವ ಒಂದು ಅಭಿಧಮನಿಯನ್ನು ಗಂಟು ಹಾಕಿ ಕತ್ತರಿಸಿದರು. ಅದನ್ನು ಗಮನಿಸದೆ ಮುಂದುವರಿದರೆ ಅಲ್ಲಿಯೇ ರಕ್ತ ನುಗ್ಗುತ್ತದಂತೆ. ಹೆಪಾರಿನ್ ಕೊಟ್ಟು, ಎಲ್ಲ ಶಾಖೆಗಳಿಗೂ ಹಿಡಿಕೆ ಹಾಕಿ, ಮೂಲನಾಳದಿಂದ ಆರಂಭಿಸಿ ಪ್ರೊಫಂಡಾದೊಳಗೆ ರೋಗ ಮುಗಿಯುವ ಜಾಗವನ್ನು ದಾಟುವವರೆಗೆ ಸೀಳಿ, ಗಡ್ಡೆಯನ್ನು ಒಂದೇ ಅಚ್ಚಿನಂತೆ ಎಬ್ಬಿಸಿ ತೆಗೆದರು. ಕೊನೆಯಲ್ಲಿ ಉಳಿದ ಒಳಪದರದ ಅಂಚು ರಕ್ತದ ರಭಸಕ್ಕೆ ಮೇಲೆದ್ದು ದಾರಿ ಮುಚ್ಚದಂತೆ ಸಣ್ಣ ಹೊಲಿಗೆಗಳಿಂದ ಗೋಡೆಗೆ ಕೂರಿಸಿದರು. ತೇಪೆಯನ್ನು ಕೂದಲಿನಂಥ ನೀಲಿ ದಾರದಿಂದ ಹೊಲಿದರು. ತೆಗೆದ ಗಡ್ಡೆಯನ್ನು ಡಬ್ಬಿಯಲ್ಲಿ ನಮಗೆ ತೋರಿಸಿದರು: ಬೆರಳುದ್ದ, ಮೊಟ್ಟೆಯ ಚಿಪ್ಪಿನಂತೆ ಗರಗರನೆಯ ಹಳದಿ ತುಂಡು, ಕವಲಿನ ಆಕಾರವೂ ಅದರಲ್ಲಿ ಉಳಿದಿತ್ತು.

ಆ ರಾತ್ರಿಯೇ ದೊಡ್ಡಪ್ಪ ಕಾಲು ಚಾಚಿ ಮಲಗಿದರು. ನಾಲ್ಕು ತಿಂಗಳ ನಂತರ ಮೊದಲ ಸಲ. ಬೆಳಿಗ್ಗೆ ನನ್ನನ್ನು ಕಂಡು, “ನೋಡಮ್ಮ, ಕಾಲು ಬೆಚ್ಚಗೈತೆ, ಮುಟ್ಟಿ ನೋಡು,” ಎಂದಾಗ ನನಗೆ ಮಾತು ಹೊರಡಲಿಲ್ಲ.

ಪಕ್ಕದ ಹಾಸಿಗೆಯಲ್ಲಿದ್ದ ಯುವಕನ ಕಾಯಿಲೆಯೂ ಇದೇ ನಾಳದ್ದೇ. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದು ಪ್ಲೇಟು ಹಾಕಿಸಿಕೊಂಡಿದ್ದವನ ತೊಡೆ ಕೆಲವು ವಾರಗಳ ಮೇಲೆ ಊದಿ ಮಿಡಿಯತೊಡಗಿತ್ತು. ಪ್ರೊಫಂಡಾದ ಶಾಖೆಗಳು ಮೂಳೆಗೆ ಅಂಟಿಕೊಂಡಂತೆ ಸಾಗುವುದರಿಂದ ಮುರಿದ ಮೂಳೆಯ ಚೂಪೋ ಸ್ಕ್ರೂವಿನ ತುದಿಯೋ ತಗಲಿ ಗೋಡೆ ಹರಿದರೆ, ಸೋರಿದ ರಕ್ತ ಸುತ್ತಲೂ ಚೀಲ ಕಟ್ಟಿಕೊಳ್ಳುತ್ತದೆ. ಅವನಿಗೆ ಕೊಯ್ಯದೆಯೇ, ನಾಳದೊಳಗಿನಿಂದ ಸಣ್ಣ ಲೋಹದ ಸುರುಳಿಗಳನ್ನು ಬಿಟ್ಟು ಆ ಶಾಖೆಯನ್ನು ಮುಚ್ಚಿದರು. ಬಾಯಿಯ ಕ್ಯಾನ್ಸರ್ ತೆಗೆದ ಜಾಗ ತುಂಬಲು ತೊಡೆಯ ಚರ್ಮ ಮತ್ತು ಮಾಂಸವನ್ನು ಕಸಿ ಮಾಡುವಾಗಲೂ ಇದೇ ಪ್ರೊಫಂಡಾದ ಹೊರಬದಿಯ ಶಾಖೆಯನ್ನೇ ಅದರೊಡನೆ ಎತ್ತುತ್ತಾರೆಂದು ಅಲ್ಲಿನ ಕಿರಿಯ ವೈದ್ಯರು ಹೇಳಿದರು; ಕಾಲಿನ ಮುಖ್ಯ ನಾಳ ಮುಚ್ಚಿದವರಲ್ಲಿ ಆ ಶಾಖೆಯೇ ಮಂಡಿಗೆ ರಕ್ತ ಒಯ್ಯುತ್ತಿರಬಹುದಾದ್ದರಿಂದ ಮೊದಲೇ ಪರೀಕ್ಷಿಸಬೇಕಂತೆ.

ಇನ್ನು ಕೊರತೆಗಳು. ತೊಡೆಸಂದಿನ ಗಾಯ ಈ ಶಸ್ತ್ರಚಿಕಿತ್ಸೆಯ ದುರ್ಬಲ ಜಾಗವೆಂದು ವೈದ್ಯರೇ ಹೇಳಿದ್ದರು. ಬೆವರು, ಮಡಿಕೆ, ಮೂತ್ರದ ತೇವ ಎಲ್ಲವೂ ಸೇರುವ ಜಾಗ ಅದು, ಮೇಲಾಗಿ ಅಲ್ಲಿ ದುಗ್ಧರಸದ (ಲಿಂಫ್) ಗ್ರಂಥಿಗಳು ಮತ್ತು ನಾಳಗಳು ದಟ್ಟವಾಗಿವೆ. ಆದರೆ ಮನೆಗೆ ಕಳಿಸುವಾಗ ಗಾಯ ನೋಡಿಕೊಳ್ಳುವ ಬಗ್ಗೆ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಅದರಲ್ಲೂ ನಾಲ್ಕೇ ಸಾಲು. ಒಂಬತ್ತನೆಯ ದಿನ ಗಾಯದಿಂದ ತಿಳಿಹಳದಿ ನೀರು ಸೋರತೊಡಗಿದಾಗ ಅದು ಕೀವೋ ರಸವೋ ತಿಳಿಯದೆ ನಾವು ಗಾಬರಿಯಾದೆವು. ಕೊಟ್ಟಿದ್ದ ದೂರವಾಣಿ ಸಂಖ್ಯೆಗೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಮರುದಿನ ತಿಪಟೂರಿನಿಂದ ಕಾರು ಮಾಡಿಕೊಂಡು ಹೋಗಬೇಕಾಯಿತು. ಅದು ದುಗ್ಧರಸವೆಂದೂ, ಜ್ವರ, ಕೆಂಪು, ವಾಸನೆ ಇಲ್ಲದ್ದರಿಂದ ಒತ್ತುಪಟ್ಟಿ ಕಟ್ಟಿ ಕಾಯಬಹುದೆಂದೂ ಹೇಳಿ ಕಳಿಸಿದರು, ಎರಡು ವಾರದಲ್ಲಿ ನಿಂತಿತು. ಎರಡು ನಿಮಿಷದ ಫೋನಿನಲ್ಲಿ ಮುಗಿಯಬಹುದಾದ ಮಾತಿಗೆ ಹೊಸ ಗಾಯದ ಮುದುಕರನ್ನು ಅಷ್ಟು ದೂರ ಕರೆತರಿಸಿದ್ದು ಸರಿಯಲ್ಲ. ತೊಡೆಯ ಮುಂಭಾಗದಲ್ಲಿ ಅಂಗೈ ಅಗಲ ಮರಗಟ್ಟಿದೆ. ಗಾಯದ ಬಳಿಯ ಚರ್ಮದ ನರಗಳಿಗೆ ಹೀಗಾಗುವುದು ಸಾಮಾನ್ಯವಾದರೂ, ಅದನ್ನು ಮೊದಲೇ ತಿಳಿಸಬೇಕಿತ್ತು. ಬೀಡಿ ಬಿಡಿಸಲು ವಿಭಾಗದಲ್ಲಿ ಯಾವ ನೆರವೂ ಇರಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಂಡಿತು. ಬೀಡಿ ಮುಂದುವರಿದರೆ ಸುಲಿದ ನಾಳವೂ ಮತ್ತೆ ಕಟ್ಟುತ್ತದೆ. ದೊಡ್ಡಪ್ಪ ಬಿಟ್ಟದ್ದು ಡಬ್ಬಿಯಲ್ಲಿದ್ದ ಆ ಹಳದಿ ತುಂಡನ್ನು ಕಂಡು, ಯಾರ ಉಪದೇಶದಿಂದಲೂ ಅಲ್ಲ.

ಖರ್ಚು ಮೊದಲು ಹೇಳಿದ ಅಂದಾಜಿನ ಒಳಗೇ ಮುಗಿಯಿತು, ಸ್ಟೆಂಟೂ ಕೃತಕ ತೇಪೆಯೂ ಇಲ್ಲದ್ದರಿಂದ ಸಾಮಗ್ರಿಯ ಬಿಲ್ಲು ಕಡಿಮೆಯೇ ಬಂತು. ವಾರ್ಡಿನ ದಾದಿಯರು ಪ್ರತಿ ಗಂಟೆಗೂ ಕೈಯಲ್ಲಿ ಹಿಡಿಯುವ ಡಾಪ್ಲರಿನಿಂದ ಪಾದದ ಸದ್ದು ಕೇಳಿಸಿಕೊಂಡು ಬರೆದಿಡುತ್ತಿದ್ದರು, ರಾತ್ರಿಯಲ್ಲೂ ತಪ್ಪಿಸಲಿಲ್ಲ.

ಈ ಶಸ್ತ್ರಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂದು ವೈದ್ಯರು ಮೊದಲೇ ಹೇಳಿದ್ದರು. ಪಾದಕ್ಕೆ ನೇರ ರಕ್ತ ಸಿಗುವುದಿಲ್ಲ, ಬಳಸುದಾರಿಯ ರಕ್ತವೇ ಹೆಚ್ಚುತ್ತದೆ; ಆದ್ದರಿಂದ ರಾತ್ರಿಯ ನೋವು ಹೋಗುವ ಭರವಸೆ ಹೆಚ್ಚು, ಹುಣ್ಣು ಒಣಗುವ ಭರವಸೆ ಅಷ್ಟಿಲ್ಲ, ಒಣಗದಿದ್ದರೆ ಮಂಡಿಯ ಕೆಳಗೆ ಇನ್ನೊಂದು ಚಿಕಿತ್ಸೆ ಬೇಕಾದೀತು. ದೊಡ್ಡಪ್ಪನ ಹುಣ್ಣು ಏಳು ವಾರಗಳಲ್ಲಿ ಒಣಗಿತು. ಹರಡಿನ ಅನುಪಾತ 0.58ಕ್ಕೆ ಏರಿದೆ, ಅದು ಸಹಜವಲ್ಲ, ಆದರೆ ಅವರಿಗೆ ಸಾಕಾಗಿದೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ ಮೂರು ದಿನಗಳಾದರೂ, ಪ್ರತಿ ಸಲ ಮುಕ್ಕಾಲು ಗಂಟೆ, ಕನಿಷ್ಠ ಮೂರು ತಿಂಗಳು ಮಾಡಬೇಕೆಂದು ಹೇಳಿದ್ದರು. ದೊಡ್ಡಪ್ಪ ದಿನವೂ ಮಾಡುತ್ತಾರೆ. ಆಸ್ಪಿರಿನ್ ಮತ್ತು ಕೊಬ್ಬಿಳಿಸುವ ಸ್ಟಾಟಿನ್ ಮಾತ್ರೆ ಜೀವನಪೂರ್ತಿ ಇರುತ್ತವೆ. ಮೂರನೆಯ ಮತ್ತು ಆರನೆಯ ತಿಂಗಳ ಡಾಪ್ಲರಿನಲ್ಲಿ ತೇಪೆಯ ಎರಡೂ ತುದಿಗಳಲ್ಲಿ ವೇಗ ಏರಿಲ್ಲ. ಆರನೆಯ ತಿಂಗಳು ಅದೇ ತಂತ್ರಜ್ಞೆ ನಾವು ಕೇಳದೆಯೇ ಬಲಗಾಲಿನ ಪ್ರೊಫಂಡಾವನ್ನೂ ನೋಡಿ, ಅದರ ಬಾಯಿಯಲ್ಲಿ ವೇಗ ಎರಡು ಪಟ್ಟಿನ ಹತ್ತಿರವಿದೆ ಎಂದು ವರದಿಯಲ್ಲಿ ಪ್ರತ್ಯೇಕ ಸಾಲಾಗಿ ಬರೆದುಕೊಟ್ಟಿದ್ದಾರೆ. ಮುಂದಿನ ಪರೀಕ್ಷೆ ಎರಡೂ ಕಾಲುಗಳಿಗೆ, ಇನ್ನಾರು ತಿಂಗಳ ನಂತರ.